‘ಪಿಕ್ ಅಪ್’ ಅಂದ್ರೆ ಬರೀ ಎತ್ತುವುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ಸಂಜೆ ಹೊತ್ತು ನಾನು ಇಂಗ್ಲಿಷ್ ಮಾತಾಡಲು ಹೇಳಿಕೊಡುತ್ತೇನೆ. ಮಲ್ಪೆ, ಕಟಪಾಡಿ, ಬ್ರಹ್ಮಾವರ, ಮಣಿಪಾಲದಿಂದ ಜನ ಬರುತ್ತಾರೆ. ನರ್ಸಿಂಗ್ ಮುಗಿಸಿ ಗಲ್ಫಿಗೆ ಹೊರಟವರು, ಅಂಗಡಿ ನೋಡಿಕೊಳ್ಳುವವರು, ಮಕ್ಕಳ ಶಾಲೆಯ ಮೀಟಿಂಗಿನಲ್ಲಿ ಧೈರ್ಯವಾಗಿ ನಾಲ್ಕು ಮಾತಾಡಬೇಕು ಅನ್ನುವ ಅಮ್ಮಂದಿರು, ಎಲ್ಲರೂ ಇದ್ದಾರೆ. ಅವರು ಅತಿ ಹೆಚ್ಚು ಸಲ ಕೇಳಿದ್ದು ‘ಪಿಕ್ ಅಪ್’ ಬಗ್ಗೆ. ಅದಕ್ಕೆ ಕಾರಣ ಉಂಟು. ಈ ಮಾತು ಆಗಲೇ ನಮ್ಮ ಬಾಯಲ್ಲಿದೆ. ಪಿಕಪ್ ಗಾಡಿ, ಪಿಕಪ್ ಪಾಯಿಂಟ್, ‘ಫೋನ್ ಪಿಕ್ ಮಾಡು ಮಾರಾಯ’ ಎಂದು ದಿನಾ ಹೇಳುತ್ತೇವೆ. ಗೊತ್ತಿರುವ ಮಾತು ಎಂದುಕೊಂಡು ಯಾರೂ ಅದನ್ನು ಬಿಡಿಸಿ ನೋಡುವುದಿಲ್ಲ. ಆಮೇಲೆ ಎಲ್ಲೋ ಒಂದು ಕಡೆ ಬೇರೆ ಅರ್ಥದಲ್ಲಿ ಕೇಳಿದಾಗ ತಬ್ಬಿಬ್ಬಾಗುತ್ತೇವೆ. ಅಂಥ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

‘ಪಿಕ್ ಅಪ್’ನ ಮೂಲ ಅರ್ಥ ಏನು?

ಹೆಕ್ಕುವುದು. ನಮ್ಮ ಕರಾವಳಿಯವರಿಗೆ ಇದಕ್ಕಿಂತ ಒಳ್ಳೆಯ ಶಬ್ದ ಬೇಕಾಗಿಲ್ಲ. ಗುಡ್ಡೆಯಲ್ಲಿ ಗೇರುಬೀಜ ಹೆಕ್ಕುತ್ತೇವೆ. ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುತ್ತೇವೆ. ಕೆಳಗೆ ಬಿದ್ದಿರುವ ಒಂದು ವಸ್ತು, ಸ್ವಲ್ಪ ಬಗ್ಗುವ ಬೆನ್ನು, ಮೇಲಕ್ಕೆ ಬರುವ ಕೈ. ಈ ಚಿತ್ರ ಮನಸ್ಸಿನಲ್ಲಿದ್ದರೆ ಮುಂದಿನ ಅರ್ಥಗಳೆಲ್ಲ ಸುಲಭ.

‘ಪಿಕ್’ ಎಂಬುದರ ಹಳೆಯ ಅರ್ಥ ಚೂಪಾದ ತುದಿಯಿಂದ ಕುಕ್ಕುವುದು. ಹಕ್ಕಿ ಕೊಕ್ಕಿನಿಂದ ಕುಕ್ಕುವುದಕ್ಕೆ ಇಂಗ್ಲಿಷಿನಲ್ಲಿ ‘ಪೆಕ್’ ಎನ್ನುತ್ತಾರೆ. ಅದು ಇದರದ್ದೇ ನೆಂಟ. ನಮ್ಮಲ್ಲೂ ಕೋಳಿ ಅಂಗಳದಲ್ಲಿ ಕಾಳು ಹೆಕ್ಕಿ ತಿನ್ನುತ್ತದೆ ಅಲ್ವಾ? ಎರಡು ಭಾಷೆಗಳು ಒಂದೇ ಕೋಳಿಯನ್ನು ನೋಡಿ ಶಬ್ದ ಮಾಡಿಕೊಂಡ ಹಾಗೆ ನನಗೆ ಕಾಣುತ್ತದೆ.

ಬರೀ ‘ಪಿಕ್’ ಅಂದರೂ ‘ಪಿಕ್ ಅಪ್’ ಅಂದರೂ ಒಂದೇ ಅಲ್ಲವಾ?

ಅಲ್ಲ. ಶಂಕರಪುರದ ಮಲ್ಲಿಗೆ ಕೃಷಿಕರನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ಬೇಗ ಎದ್ದು ಗಿಡದಿಂದ ಮೊಗ್ಗು ಕೊಯ್ಯುತ್ತಾರೆ. ಅದು ‘ಪಿಕ್’. ‘ದೆ ಪಿಕ್ ಜಾಸ್ಮಿನ್ ಎವ್ರಿ ಮಾರ್ನಿಂಗ್.’ ಇಲ್ಲಿ ‘ಅಪ್’ ಹಾಕಬಾರದು. ಇನ್ನು ಪಾರಿಜಾತ. ಅದು ರಾತ್ರಿ ಅರಳಿ ಬೆಳಿಗ್ಗೆ ಮರದ ಬುಡದಲ್ಲಿ ಬಿದ್ದಿರುತ್ತದೆ. ಅದನ್ನು ಕೊಯ್ಯುವುದಿಲ್ಲ, ಹೆಕ್ಕುತ್ತೇವೆ. ಅದು ‘ಪಿಕ್ ಅಪ್’.

ಕೊಯ್ಯುವುದು ‘ಪಿಕ್’, ಹೆಕ್ಕುವುದು ‘ಪಿಕ್ ಅಪ್’. ನನ್ನ ತರಗತಿಯಲ್ಲಿ ಮೊದಲ ದಿನ ಇಷ್ಟನ್ನೇ ಹೇಳುತ್ತೇನೆ. ತೋಟ ಕಂಡವರಿಗೆ ಎರಡನೇ ಸಲ ಹೇಳಬೇಕಾಗಿ ಬಂದದ್ದಿಲ್ಲ.

‘ಪಿಕ್’ಗೆ ಆರಿಸು ಎಂಬ ಅರ್ಥವೂ ಇದೆ. ‘ಪಿಕ್ ಎನಿ ಕಲರ್’ ಅಂದರೆ ಯಾವ ಬಣ್ಣ ಬೇಕೋ ಆರಿಸಿಕೊಳ್ಳಿ ಎಂದು. ಕಬಡ್ಡಿ ಟೀಮಿಗೆ ಆಟಗಾರರನ್ನು ಆರಿಸುವುದಕ್ಕೂ ‘ಪಿಕ್’ ಎಂದೇ ಹೇಳುತ್ತಾರೆ.

ಹಾಗಾದರೆ ‘ಐ ವಿಲ್ ಪಿಕ್ ಯು ಫ್ರಮ್ ದಿ ಸ್ಟೇಷನ್’ ತಪ್ಪಾ?

ನಮ್ಮ ದೇಶದಲ್ಲಿ ಹೀಗೆ ಲಕ್ಷಗಟ್ಟಲೆ ಜನ ಹೇಳುತ್ತಾರೆ, ಎಲ್ಲರಿಗೂ ಅರ್ಥವೂ ಆಗುತ್ತದೆ. ಆದರೆ ಹೊರಗಿನ ಇಂಗ್ಲಿಷ್ ಮಾತಾಡುವವರ ಕಿವಿಗೆ ಅಲ್ಲಿ ಏನೋ ಬಿಟ್ಟುಹೋದ ಹಾಗೆ ಕೇಳುತ್ತದೆ. ‘ಪಿಕ್ ಯು’ ಅಂದರೆ ‘ನಿನ್ನನ್ನು ಆರಿಸುತ್ತೇನೆ’. ‘ಐ ವಿಲ್ ಪಿಕ್ ಯು ಅಪ್ ಫ್ರಮ್ ದಿ ಸ್ಟೇಷನ್’ ಎಂದರೆ ಸರಿಯಾಗುತ್ತದೆ. ಒಂದು ಸಣ್ಣ ‘ಅಪ್’ ಅಷ್ಟೇ. ವಿದೇಶಕ್ಕೆ ಹೋಗುವವರು, ಹೋಟೆಲ್ ರಿಸೆಪ್ಷನ್ನಿನಲ್ಲಿ ಕೂತುಕೊಳ್ಳುವವರು, ಟ್ಯಾಕ್ಸಿ ಓಡಿಸುವವರು ಇದನ್ನು ಬಾಯಿಗೆ ಹತ್ತಿಸಿಕೊಳ್ಳಲೇಬೇಕು ಎಂದು ನಾನು ಹಟ ಮಾಡುತ್ತೇನೆ.

‘ಪಿಕ್ ಅಪ್ ಇಟ್’ ಅನ್ನಬೇಕಾ, ‘ಪಿಕ್ ಇಟ್ ಅಪ್’ ಅನ್ನಬೇಕಾ?

‘ಪಿಕ್ ಇಟ್ ಅಪ್’ ಮಾತ್ರ ಸರಿ. ಇಟ್, ಹಿಮ್, ಹರ್, ಮಿ, ಯು, ಅಸ್, ದೆಮ್, ಈ ಚಿಕ್ಕ ಶಬ್ದಗಳು ಬಂದರೆ ಅವು ನಡುವೆಯೇ ಕೂರಬೇಕು. ‘ಪಿಕ್ ಮಿ ಅಪ್’, ‘ಪಿಕ್ ದೆಮ್ ಅಪ್’. ಇದಕ್ಕೆ ರಿಯಾಯಿತಿ ಇಲ್ಲ.

ಹೆಸರು ಹೇಳುವಾಗ ಎರಡೂ ನಡೆಯುತ್ತದೆ. ‘ಪಿಕ್ ಅಪ್ ದಿ ಬ್ಯಾಗ್’ ಸರಿ, ‘ಪಿಕ್ ದಿ ಬ್ಯಾಗ್ ಅಪ್’ ಕೂಡ ಸರಿ. ಆದರೆ ಹೇಳಬೇಕಾದ ವಸ್ತುವಿನ ವಿವರ ಉದ್ದ ಇದ್ದರೆ ಎರಡನ್ನೂ ಒಟ್ಟಿಗೇ ಇಡಿ. ‘ಪಿಕ್ ಅಪ್ ದಿ ಪಾರ್ಸೆಲ್ ದಟ್ ಕೇಮ್ ಫ್ರಮ್ ಮುಂಬೈ ಎಸ್ಟರ್‌ಡೇ.’ ಇಲ್ಲಿ ‘ಅಪ್’ ಅನ್ನು ಕೊನೆಗೆ ಹಾಕಿದರೆ ಅಲ್ಲಿಗೆ ತಲುಪುವ ಹೊತ್ತಿಗೆ ಕೇಳುವವರಿಗೆ ಮೊದಲು ಬಂದ ‘ಪಿಕ್’ ಮರೆತುಹೋಗಿರುತ್ತದೆ.

ಉಚ್ಚಾರ ಹೇಗೆ? ‘ಪಿಕ್ಕೆಡ್ ಅಪ್’ ಎಂದರೆ ನಗುತ್ತಾರೆ.

ನಗುವವರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬರೆಯುವುದು ಒಂದು, ಹೇಳುವುದು ಇನ್ನೊಂದು ಆದರೆ ಕಲಿಯುವವರಿಗೆ ಗೊತ್ತಾಗುವುದಾದರೂ ಹೇಗೆ? ನಡೆದುಹೋದ ಕೆಲಸ ಹೇಳುವಾಗ ಕೊನೆಯ ಸದ್ದು ‘ಟ್’. ಅದು ಮುಂದಿನ ‘ಅಪ್’ ಜೊತೆ ಸೇರಿ ‘ಪಿಕ್‌ಟಪ್’ ಎಂದು ಕೇಳುತ್ತದೆ. ‘ಪಿಕ್ ಇಟ್ ಅಪ್’ ಅನ್ನುವುದು ಒಂದೇ ಉಸಿರಿನಲ್ಲಿ ‘ಪಿಕಿಟಪ್’. ಇಂಗ್ಲಿಷ್ ಸಿನಿಮಾ ನೋಡುವಾಗ ಈ ಮಾತು ಕಿವಿಗೆ ಸಿಗದೆ ಜಾರಿಹೋಗುವುದು ಇದರಿಂದಲೇ. ಬಿಡಿಬಿಡಿಯಾಗಿ ಮೂರು ಶಬ್ದ ಕಾಯುತ್ತಾ ಕೂತರೆ ಅದು ಬರುವುದೇ ಇಲ್ಲ.

ಫೋನಿಗೆ ‘ಪಿಕ್ ಅಪ್’ ಯಾಕೆ? ಮೊಬೈಲನ್ನು ಯಾರೂ ಎತ್ತುವುದಿಲ್ಲವಲ್ಲ?

ಇದು ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದ ಕಾಲದ ಮಾತು. ಗಂಟೆ ಬಡಿದರೆ ರಿಸೀವರ್ ಎತ್ತಬೇಕಿತ್ತು. ರಿಸೀವರ್ ಹೋಯಿತು, ಮಾತು ಉಳಿಯಿತು. ಕನ್ನಡದಲ್ಲೂ ಹಾಗೆಯೇ. ಈಗಲೂ ‘ಎಷ್ಟು ಸಲ ಮಾಡಿದರೂ ಫೋನ್ ಎತ್ತುವುದಿಲ್ಲ’ ಎನ್ನುತ್ತೇವೆ. ಪರದೆಯ ಮೇಲೆ ಬೆರಳು ಜಾರಿಸುವುದನ್ನು ಎತ್ತುವುದು ಎಂದೇ ಕರೆಯುತ್ತೇವೆ.

ಇಲ್ಲಿ ಆಗುವ ತಪ್ಪು ‘ಹಿ ಈಸ್ ನಾಟ್ ಪಿಕಿಂಗ್ ಮೈ ಕಾಲ್’. ಎರಡು ದಾರಿ ಇದೆ. ಒಂದು, ‘ಹಿ ಈಸ್ ನಾಟ್ ಪಿಕಿಂಗ್ ಅಪ್’. ಇಷ್ಟೇ ಸಾಕು, ಫೋನ್ ಎಂದು ಹೇಳುವುದೂ ಬೇಡ. ಇನ್ನೊಂದು, ‘ಹಿ ಈಸ್ ನಾಟ್ ಆನ್ಸರಿಂಗ್ ಮೈ ಕಾಲ್’. ಕೆಲಸದ ಜಾಗದಲ್ಲಿ ಎರಡನೆಯದು ಹೆಚ್ಚು ಒಪ್ಪುತ್ತದೆ.

‘ಪಿಕ್ ಅಪ್ ದಿ ಫೋನ್’ಗೆ ಇನ್ನೊಂದು ಬದಿಯೂ ಇದೆ. ತಾವಾಗಿ ಒಬ್ಬರಿಗೆ ಕರೆ ಮಾಡುವುದಕ್ಕೂ ಹಾಗೆ ಹೇಳುತ್ತಾರೆ. ‘ಜಸ್ಟ್ ಪಿಕ್ ಅಪ್ ದಿ ಫೋನ್ ಆಂಡ್ ಟಾಕ್ ಟು ಯುವರ್ ಬ್ರದರ್’ ಅಂದರೆ, ಸುಮ್ನೆ ಒಂದು ಫೋನ್ ಮಾಡಿ ಅಣ್ಣನ ಹತ್ತಿರ ಮಾತಾಡು ಎಂದು.

ಜನರನ್ನು ಕರೆದುಕೊಂಡು ಬರುವುದಕ್ಕೆ ಹೇಗೆ ಬಳಸುವುದು? ‘ರಿಸೀವ್’ ಅನ್ನಬಹುದಾ?

ಬಜಪೆ ವಿಮಾನ ನಿಲ್ದಾಣದ ಹೊರಗೆ ನಿಂತರೆ ಈ ಮಾತು ಹತ್ತು ಭಾಷೆಯಲ್ಲಿ ಕೇಳುತ್ತದೆ. ದುಬೈಯಿಂದ ಅಣ್ಣ ಬರುತ್ತಾನೆ, ಮಸ್ಕತ್ತಿನಿಂದ ಭಾವ ಬರುತ್ತಾರೆ. ನಾವು ‘ಏರ್‌ಪೋರ್ಟಿಗೆ ರಿಸೀವ್ ಮಾಡಲಿಕ್ಕೆ ಹೋಗಬೇಕು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ‘ರಿಸೀವ್’ ಅಂದರೆ ಗಣ್ಯರನ್ನು ಬರಮಾಡಿಕೊಂಡ ಹಾಗೆ, ಹಾರ ಹಿಡಿದು ನಿಂತ ಹಾಗೆ. ಮನೆಯವರಿಗೆ ‘ಪಿಕ್ ಅಪ್’ ಸಾಕು. ‘ಐ ಆಮ್ ಗೋಯಿಂಗ್ ಟು ಪಿಕ್ ಅಪ್ ಮೈ ಬ್ರದರ್ ಫ್ರಮ್ ದಿ ಏರ್‌ಪೋರ್ಟ್.’ ಗಾಡಿ ಇಲ್ಲದೆ ಬರೀ ಭೇಟಿಯಾಗಲು ಹೋಗುವುದಾದರೆ ‘ಮೀಟ್’ ಎನ್ನಿ.

ಗಾಡಿ ಇರಲೇಬೇಕಾ ಎಂದು ಕೇಳುತ್ತಾರೆ. ಹೆಚ್ಚಿನ ಸಲ ಇರುತ್ತದೆ. ಆದರೆ ಶಾಲೆ ಬಿಟ್ಟ ಮೇಲೆ ಮಗುವಿನ ಕೈ ಹಿಡಿದು ನಡೆಸಿಕೊಂಡು ಬಂದರೂ ‘ಪಿಕ್ ಅಪ್’ ಎಂದೇ ಹೇಳಬಹುದು. ಬ್ರಿಟನ್ನಿನವರು ಇದಕ್ಕೆ ‘ಕಲೆಕ್ಟ್’ ಎಂದೂ ಹೇಳುತ್ತಾರೆ. ಮಗುವನ್ನು ಕಲೆಕ್ಟ್ ಮಾಡುವುದಾ ಎಂದು ಗಾಬರಿಯಾಗಬೇಡಿ.

ಜಾಗ ಹೇಳುವಾಗ ‘ಅಟ್’ ಅಥವಾ ‘ಫ್ರಮ್’ ಬಳಸಿ, ಮತ್ತು ಜಾಗದ ಹೆಸರನ್ನು ಪೂರ್ತಿ ಹೇಳಿ. ಮಂಗಳೂರಿನಲ್ಲಿ ‘ಪಿಕ್ ಮಿ ಅಪ್ ಅಟ್ ದಿ ಸ್ಟೇಷನ್’ ಅಂದರೆ ಸಾಲುವುದಿಲ್ಲ. ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ. ಕೇರಳದಿಂದ ಮುಂಬೈ ಕಡೆಗೆ ಹೋಗುವ ಎಷ್ಟೋ ರೈಲುಗಳು ಸೆಂಟ್ರಲ್ಲಿಗೆ ಬರುವುದೇ ಇಲ್ಲ, ಜಂಕ್ಷನ್ನಿನಲ್ಲೇ ನಿಂತು ಮುಂದೆ ಹೋಗುತ್ತವೆ. ಬಸ್ಸಿನಲ್ಲಿ ಬರುವವರಿಗೂ ಅಷ್ಟೇ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಾ, ಬಿಜೈಯ ಸರಕಾರಿ ಬಸ್ ಸ್ಟ್ಯಾಂಡಾ ಎಂದು ಹೇಳದಿದ್ದರೆ ಒಬ್ಬರು ಅಲ್ಲಿ, ಒಬ್ಬರು ಇಲ್ಲಿ ಕಾಯುತ್ತಾರೆ. ಉಡುಪಿಯಲ್ಲಿ ರೈಲಿಗೆ ಇಂದ್ರಾಳಿ, ಅದೊಂದು ಸಲೀಸು.

‘ಪಿಕ್ ಅಪ್’ಗೆ ಕೆಟ್ಟ ಅರ್ಥ ಉಂಟಂತೆ, ಹೌದಾ?

ಒಂದು ಇದೆ. ಪರಿಚಯ ಇಲ್ಲದ ಹುಡುಗಿಯನ್ನೋ ಹುಡುಗನನ್ನೋ ಮಾತಾಡಿಸಿ, ಮರುಳು ಮಾಡಿ ಜೊತೆಗೆ ಕರೆದೊಯ್ಯುವುದಕ್ಕೂ ಈ ಮಾತು ಬಳಕೆಯಲ್ಲಿದೆ. ಅದಕ್ಕೆ ಹೆದರಿ ಮಾತನ್ನೇ ಬಿಡಬೇಕಾಗಿಲ್ಲ. ಯಾರನ್ನು, ಎಲ್ಲಿಂದ ಎಂಬುದನ್ನು ಹೇಳಿಬಿಡಿ. ‘ಐ ಪಿಕ್ಡ್ ಅಪ್ ಎ ಗರ್ಲ್’ ಎಂದಷ್ಟೇ ಹೇಳಿದರೆ ತಪ್ಪು ತಿಳಿಯಬಹುದು. ‘ಐ ಪಿಕ್ಡ್ ಅಪ್ ಮೈ ಕಸಿನ್ ಫ್ರಮ್ ಕಾಲೇಜ್’ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಪೊಲೀಸರು ಒಬ್ಬನನ್ನು ‘ಪಿಕ್ ಅಪ್’ ಮಾಡಿದರು ಎಂದರೆ ಹಿಡಿದುಕೊಂಡು ಹೋದರು ಎಂದರ್ಥ. ಪೇಪರಿನಲ್ಲಿ ಇದು ಜಾಸ್ತಿ ಕಾಣುತ್ತದೆ.

ಭಾಷೆಯನ್ನು ‘ಪಿಕ್ ಅಪ್’ ಮಾಡುವುದು ಅಂದರೆ?

ಇದು ನನಗೆ ತುಂಬಾ ಇಷ್ಟದ ಅರ್ಥ. ಪುಸ್ತಕ ಹಿಡಿದು ಕೂರದೆ, ಜನರ ನಡುವೆ ಇದ್ದು ಓಡಾಡುತ್ತಾ ಒಂದು ವಿಷಯ ತಾನಾಗಿ ಬಂದುಬಿಡುವುದು. ದಾರಿಯಲ್ಲಿ ಬಿದ್ದಿದ್ದನ್ನು ಹೆಕ್ಕಿಕೊಂಡ ಹಾಗೆ.

ನಮ್ಮ ಊರಿನಲ್ಲಿ ಇದನ್ನು ವಿವರಿಸುವುದೇ ಬೇಡ. ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ. ಏಳು ವರ್ಷದ ಮಗು ನಾಲ್ಕು ಭಾಷೆಯಲ್ಲಿ ಜಗಳ ಮಾಡುತ್ತದೆ. ಯಾರೂ ಕೂರಿಸಿ ಕಲಿಸಿರುವುದಿಲ್ಲ. ಆ ಮಗು ‘ಪಿಕ್ಡ್ ಅಪ್ ಫೋರ್ ಲ್ಯಾಂಗ್ವೇಜಸ್’. ಮಣಿಪಾಲಕ್ಕೆ ಓದಲು ಬಂದ ಉತ್ತರದ ಹುಡುಗರು ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ ಕೇಳಿ ಕೇಳಿ ತುಳುವಿನಲ್ಲಿ ‘ಎಂಚ ಉಲ್ಲರ್’ (ಹೇಗಿದ್ದೀರಿ), ‘ವಣಸ್ ಆಂಡಾ’ (ಊಟ ಆಯಿತಾ) ಎನ್ನಲು ಶುರು ಮಾಡುತ್ತಾರಲ್ಲ, ಅದೂ ‘ಪಿಕ್ ಅಪ್’.

ಇದಕ್ಕೂ ‘ಲರ್ನ್’ಗೂ ಇರುವ ಅಂತರ ನೋಡಿ. ಫರ್ಡಿನಾಂಡ್ ಕಿಟ್ಟೆಲ್ ಜರ್ಮನಿಯಿಂದ ಬಾಸೆಲ್ ಮಿಷನ್ನಿನ ಕೆಲಸಕ್ಕೆ ಬಂದದ್ದು 1853ರಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವೆ 41 ವರ್ಷ. ಹಳೆಯ ಕಾವ್ಯ ಓದಿ, ಜನರನ್ನು ಕೇಳಿ, ಒಂದೊಂದೇ ಶಬ್ದ ಕೂಡಿಸಿದ ದುಡಿಮೆ ಅದು. ಕಿಟ್ಟೆಲ್ ಕನ್ನಡವನ್ನು ‘ಪಿಕ್ಡ್ ಅಪ್’ ಎಂದರೆ ಆ ದುಡಿಮೆಗೆ ಅನ್ಯಾಯ. ಅಲ್ಲಿ ‘ಸ್ಟಡೀಡ್’ ಅಥವಾ ‘ಮಾಸ್ಟರ್ಡ್’ ಎಂದೇ ಹೇಳಬೇಕು.

ಈ ಅರ್ಥ ಗೊತ್ತಿಲ್ಲದೆ ಆದ ಒಂದು ಸಂಗತಿ ಹೇಳುತ್ತೇನೆ. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬಳು ಹುಡುಗಿ ಒಂದು ಕಂಪನಿಗೆ ಸಂದರ್ಶನಕ್ಕೆ ಹೋದಳು. ಲೆಕ್ಕಪತ್ರದ ಕೆಲಸ. ಅಪ್ಪ ಬೋಟಿನಲ್ಲಿ ದುಡಿಯುವವರು. ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು ಅವಳೇ. ‘ಹೌ ಕ್ವಿಕ್ಲಿ ಡು ಯು ಪಿಕ್ ಥಿಂಗ್ಸ್ ಅಪ್?’ ಎಂದು ಕೇಳಿದರಂತೆ. ಹೊಸದನ್ನು ಎಷ್ಟು ಬೇಗ ಕಲಿಯುತ್ತೀಯ ಎಂದು ಅವರ ಪ್ರಶ್ನೆ. ಸಾಮಾನು ತರುವ ವಿಷಯ ಎಂದುಕೊಂಡು ಇವಳು, ‘ನಮ್ಮಲ್ಲಿ ಸ್ಕೂಟರ್ ಉಂಟು, ಅರ್ಧ ಗಂಟೆ ಸಾಕು’ ಎಂದು ಇಂಗ್ಲಿಷಿನಲ್ಲಿ ನೀಟಾಗಿ ಉತ್ತರ ಕೊಟ್ಟಳು. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಕೇಳಿದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಕೆಲಸ ಸಿಗಲಿಲ್ಲ. ಸಂಜೆ ಬಂದು ‘ನಾನೇನು ತಪ್ಪು ಹೇಳಿದೆ ಟೀಚರ್?’ ಎಂದು ಕೇಳಿದಾಗ ನನಗೆ ತುಂಬಾ ಬೇಸರವಾಯಿತು. ಎರಡು ಶಬ್ದದ ಒಂದು ಮಾತು. ಅವರು ಇನ್ನೊಮ್ಮೆ ಬೇರೆ ಮಾತಿನಲ್ಲಿ ಕೇಳಿದ್ದರೆ ಸಾಕಿತ್ತು. ಅವಳು ಒಂದೇ ವಾರದಲ್ಲಿ ಹೊಸ ಸಾಫ್ಟ್‌ವೇರ್ ಕಲಿಯುವವಳು. ಈ ಪಾಠವನ್ನು ಒಂದು ಗಂಟೆಯಿಂದ ಮೂರು ದಿನಕ್ಕೆ ಹಿಗ್ಗಿಸಿದ್ದು ಆಮೇಲೆಯೇ.

ಸಂದರ್ಶನಕ್ಕೆ ಹೋಗುವವರು ಇದೊಂದು ವಾಕ್ಯ ಬಾಯಿಪಾಠ ಮಾಡಿಟ್ಟುಕೊಳ್ಳಿ: ‘ಐ ಪಿಕ್ ಥಿಂಗ್ಸ್ ಅಪ್ ಕ್ವಿಕ್ಲಿ.’ ಬೇಗ ಕಲಿಯುತ್ತೇನೆ ಎಂದು.

‘ಬಿಸಿನೆಸ್ ಪಿಕ್ ಅಪ್ ಆಯಿತು’ ಎನ್ನುತ್ತಾರೆ. ಅಲ್ಲಿ ಯಾರು ಯಾವುದನ್ನು ಎತ್ತಿದರು?

ಯಾರೂ ಎತ್ತಲಿಲ್ಲ. ಅದು ತಾನಾಗಿ ಎದ್ದಿತು. ಇಲ್ಲಿ ‘ಪಿಕ್ ಅಪ್’ ಆದ ಮೇಲೆ ಇನ್ನೇನೂ ಬರುವುದಿಲ್ಲ. ‘ಬಿಸಿನೆಸ್ ಈಸ್ ಪಿಕಿಂಗ್ ಅಪ್.’ ತಗ್ಗಿದ್ದದ್ದು ಚೇತರಿಸಿಕೊಳ್ಳುತ್ತಿದೆ ಎಂದು ಅರ್ಥ.

ತಗ್ಗಿದ್ದದ್ದು ಎಂಬುದು ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡ ಹಿಡಿದಿರುತ್ತವೆ. ಮಲ್ಪೆ ಬಂದರು, ಮಂಗಳೂರಿನ ದಕ್ಕೆ ಎಲ್ಲ ತಣ್ಣಗೆ. ಐಸ್ ಪ್ಲಾಂಟಿನಿಂದ ಹಿಡಿದು ಚಾ ಅಂಗಡಿಯವರೆಗೆ ವ್ಯಾಪಾರ ಇಲ್ಲ. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ‘ಟ್ರೇಡ್ ಪಿಕ್ಸ್ ಅಪ್’. ಈ ಮಾತಿಗೆ ಇದಕ್ಕಿಂತ ಸರಿಯಾದ ಜಾಗ ಇಲ್ಲ. ಮೊದಲೇ ಜೋರಾಗಿದ್ದ ವ್ಯಾಪಾರ ಇನ್ನೂ ಹೆಚ್ಚಾದರೆ ‘ಗ್ರೋ’ ಸಾಕು.

ಈ ಮಾತಿನಲ್ಲಿ ಒಂದು ಸಮಾಧಾನವೂ ಸೇರಿದೆ. ಅಡಿಕೆ ರೇಟ್ ಏರಿದರೆ ಬೆಳೆಗಾರರು ‘ಪ್ರೈಸಸ್ ಹ್ಯಾವ್ ಪಿಕ್ಡ್ ಅಪ್’ ಎನ್ನುತ್ತಾರೆ. ಅವರಿಗೆ ಅದು ಒಳ್ಳೆಯ ಸುದ್ದಿ. ಟೊಮೆಟೊ ರೇಟ್ ಏರಿದಾಗ ಕೊಳ್ಳುವ ನಾವು ಹಾಗೆ ಹೇಳುವುದಿಲ್ಲ. ನಾವು ಹೇಳುವುದು ‘ಹ್ಯಾವ್ ಗಾನ್ ಅಪ್’. ಏರಿದ್ದು ಏರಿದ್ದೇ, ಹೇಳುವವರು ಎಲ್ಲಿ ನಿಂತಿದ್ದಾರೆ ಎಂಬುದು ಬೇರೆ.

ಕಾಯಿಲೆಯಿಂದ ಎದ್ದವರಿಗೂ ಇದೇ ಮಾತು. ‘ಅಜ್ಜಿ ಈಸ್ ಪಿಕಿಂಗ್ ಅಪ್’ ಅಂದರೆ ಅಜ್ಜಿ ಚೇತರಿಸಿಕೊಳ್ಳುತ್ತಿದ್ದಾರೆ.

ಗಾಳಿ, ಮಳೆ, ವೇಗಕ್ಕೂ ಇದನ್ನೇ ಹೇಳುವುದಾ?

ಹೌದು. ‘ದಿ ವಿಂಡ್ ಪಿಕ್ಡ್ ಅಪ್’ ಅಂದರೆ ಗಾಳಿ ಬಿರುಸಾಯಿತು. ಪಣಂಬೂರು ಕಡಲ ತೀರದಲ್ಲಿ ಸಂಜೆ ಗಾಳಿಪಟ ಹಾರಿಸುವವರು ಇದಕ್ಕೇ ಕಾಯುತ್ತಿರುತ್ತಾರೆ. ಜೂನಿನಲ್ಲಿ ಜಿಟಿಜಿಟಿ ಹನಿಯುತ್ತಿದ್ದ ಮಳೆ ಒಮ್ಮೆಲೇ ಜೋರಾದರೆ ‘ದಿ ರೇನ್ ಈಸ್ ಪಿಕಿಂಗ್ ಅಪ್’.

ವೇಗಕ್ಕೆ ‘ಪಿಕ್ ಅಪ್ ಸ್ಪೀಡ್’. ಇಲ್ಲಿ ‘ಸ್ಪೀಡ್’ ಅನ್ನು ನಡುವೆ ಹಾಕಬೇಡಿ. ‘ಪಿಕ್ ಸ್ಪೀಡ್ ಅಪ್’ ಎಂದು ಹೇಳುವುದಿಲ್ಲ. ‘ದಿ ಟ್ರೈನ್ ಪಿಕ್ಡ್ ಅಪ್ ಸ್ಪೀಡ್’ ಎಂದು ಹೀಗೆಯೇ ಬಳಸಿ.

ಯಕ್ಷಗಾನ ನೋಡುವವರಿಗೆ ಇನ್ನೊಂದು ಉದಾಹರಣೆ. ಭಾಗವತರು ನಿಧಾನ ಎತ್ತಿಕೊಂಡ ಪದ್ಯ, ಮದ್ದಳೆಯ ಮೆಲ್ಲನೆ ಪೆಟ್ಟು. ಆಮೇಲೆ ಯುದ್ಧದ ಸಂದರ್ಭ ಬರುತ್ತದೆ, ಏರುಪದ್ಯ, ಚೆಂಡೆ ಮೊಳಗುತ್ತದೆ, ನಿದ್ದೆಗೆ ಜಾರಿದ್ದ ಮಕ್ಕಳು ಎದ್ದು ಕೂರುತ್ತಾರೆ. ಆ ಕ್ಷಣಕ್ಕೆ ‘ದಿ ಟೆಂಪೋ ಪಿಕ್ಸ್ ಅಪ್’. ಹೊರಗಿನಿಂದ ಬಂದ ಸ್ನೇಹಿತರಿಗೆ ಬಯಲಾಟ ತೋರಿಸುವಾಗ ಈ ವಾಕ್ಯ ಬೇಕೇ ಬೇಕು. ಮೊದಲ ಒಂದು ಗಂಟೆ ಅವರನ್ನು ಕೂರಿಸಲಿಕ್ಕೆ ‘ವೇಟ್, ಇಟ್ ವಿಲ್ ಪಿಕ್ ಅಪ್’ ಎಂದು ಹೇಳಿ.

ಜ್ವರ ‘ಪಿಕ್ ಅಪ್’ ಆಗುತ್ತದಾ?

ಹೊರಗಿನಿಂದ ಅಂಟುವ ಕಾಯಿಲೆ ಆಗುತ್ತದೆ. ‘ಶಿ ಪಿಕ್ಡ್ ಅಪ್ ಆನ್ ಇನ್‌ಫೆಕ್ಷನ್ ಇನ್ ದಿ ಹಾಸ್ಪಿಟಲ್.’ ನರ್ಸಿಂಗಿನವರು ಇದನ್ನು ದಿನಾ ಕೇಳುತ್ತಾರೆ. ಶೀತಕ್ಕೆ ‘ಕ್ಯಾಚ್ ಎ ಕೋಲ್ಡ್’ ಹೆಚ್ಚು ರೂಢಿ. ಶುಗರ್, ಬಿಪಿಗೆ ಮಾತ್ರ ‘ಪಿಕ್ ಅಪ್’ ಹೇಳಬಾರದು. ಅವು ಒಬ್ಬರಿಂದ ಒಬ್ಬರಿಗೆ ಅಂಟುವಂಥವಲ್ಲ. ಅಲ್ಲಿ ‘ಡೆವಲಪ್’ ಎನ್ನಬೇಕು.

ಅಭ್ಯಾಸಗಳೂ ಹೀಗೆ ಅಂಟುತ್ತವೆ. ‘ಹಿ ಪಿಕ್ಡ್ ಅಪ್ ದಟ್ ಹ್ಯಾಬಿಟ್ ಇನ್ ದಿ ಹಾಸ್ಟೆಲ್.’ ಮುಂಬೈಯಲ್ಲಿ ಹತ್ತು ವರ್ಷ ಇದ್ದು ಬಂದವರ ಮಾತಿನ ಧಾಟಿಯೇ ಬೇರೆಯಾಗಿರುತ್ತದಲ್ಲ, ಅದನ್ನು ‘ಪಿಕ್ಡ್ ಅಪ್ ಆನ್ ಆಕ್ಸೆಂಟ್’ ಎನ್ನುತ್ತಾರೆ.

ಸಾಮಾನು ಕೊಳ್ಳುವುದಕ್ಕೂ ‘ಪಿಕ್ ಅಪ್’ ಸರಿಯಾ?

ಬರುವ ದಾರಿಯಲ್ಲಿ ಹಾಗೆಯೇ ತೆಗೆದುಕೊಂಡು ಬರುವುದಕ್ಕೆ ಸರಿ. ‘ಪಿಕ್ ಅಪ್ ಸಮ್ ಮಿಲ್ಕ್ ಆನ್ ದಿ ವೇ ಹೋಮ್.’ ಸಂಜೆ ಹೋಟೆಲಿನಿಂದ ನಾಲ್ಕು ಗೋಳಿಬಜೆ ಕಟ್ಟಿಸಿಕೊಂಡು ಬರುವುದೂ ಇದೇ. ಲೋನ್ ಮಾಡಿ, ಹತ್ತು ಅಂಗಡಿ ತಿರುಗಿ ಫ್ರಿಜ್ ಕೊಂಡರೆ ಅದು ‘ಬಾಟ್’. ಆಗಲೇ ನಿಮ್ಮದಾದ ವಸ್ತುವನ್ನು ತರುವುದಕ್ಕೂ ಸಲ್ಲುತ್ತದೆ. ಟೈಲರಿಗೆ ಕೊಟ್ಟ ಬ್ಲೌಸ್, ರಿಪೇರಿಗೆ ಬಿಟ್ಟ ಮಿಕ್ಸಿ, ಕೊರಿಯರಿನವರಲ್ಲಿ ಇರುವ ಪಾರ್ಸೆಲ್.

‘ಪಿಕ್ ಅಪ್ ದಿ ಬಿಲ್’?

ಎಲ್ಲರ ಪರವಾಗಿ ಒಬ್ಬರು ಹಣ ಕೊಡುವುದು. ಮೇಜಿನ ಮೇಲಿನ ಬಿಲ್ಲನ್ನು ಎತ್ತಿಕೊಂಡವರು ಅವರೇ ಅಲ್ವಾ.

‘ಪಿಕ್ ಅಪ್ ಆನ್’ ಬೇರೆಯಾ?

ಬೇರೆ. ಬಾಯಿಬಿಟ್ಟು ಹೇಳದ್ದನ್ನು ಗಮನಿಸಿಬಿಡುವುದು. ಮಗಳು ‘ಏನಿಲ್ಲಮ್ಮ’ ಎಂದರೂ ಏನೋ ಇದೆ ಎಂದು ಅಮ್ಮನಿಗೆ ಗೊತ್ತಾಗುತ್ತದೆ. ‘ಹರ್ ಮದರ್ ಪಿಕ್ಡ್ ಅಪ್ ಆನ್ ಇಟ್.’ ಇಲ್ಲಿ ‘ಇಟ್’ ಕೊನೆಗೇ ಬರಬೇಕು. ಮೇಲೆ ಹೇಳಿದ ನಡುವೆ ಕೂರಿಸುವ ನಿಯಮ ಇದಕ್ಕೆ ಇಲ್ಲ.

ರೇಡಿಯೋ ಸಿಗ್ನಲ್ ಹಿಡಿಯುವುದಕ್ಕೆ ಬರೀ ‘ಪಿಕ್ ಅಪ್’ ಸಾಕು. ಬೋಟಿನ ವೈರ್‌ಲೆಸ್ ಸೆಟ್ ಇನ್ನೊಂದು ಬೋಟಿನ ದನಿಯನ್ನು ‘ಪಿಕ್ಸ್ ಅಪ್’.

‘ಪಿಕ್ ಅಪ್ ವೇರ್ ವಿ ಲೆಫ್ಟ್ ಆಫ್’ ಅಂದರೆ?

ಬಿಟ್ಟಲ್ಲಿಂದ ಮುಂದುವರಿಸುವುದು. ಕರೆಂಟು ಹೋಗಿ ಪಾಠ ನಿಂತಿತು, ಮರುದಿನ ಅಲ್ಲಿಂದಲೇ ಶುರು. ಕೆಳಗಿಟ್ಟ ಹೆಣಿಗೆಯನ್ನು ಮತ್ತೆ ಕೈಗೆತ್ತಿಕೊಂಡ ಹಾಗೆ. ಹತ್ತು ವರ್ಷದ ಮೇಲೆ ಸಿಕ್ಕಿದ ಗೆಳತಿಯರು ನಿನ್ನೆ ಬಿಟ್ಟ ಮಾತನ್ನೇ ಮುಂದುವರಿಸುವ ಹಾಗೆ ಮಾತಾಡುತ್ತಾರಲ್ಲ, ಅದಕ್ಕೂ ಹೀಗೆ ಹೇಳುತ್ತಾರೆ.

‘ಗಾಡಿಗೆ ಪಿಕಪ್ ಇಲ್ಲ’ ಎಂಬುದು ಇಂಗ್ಲಿಷಾ, ನಮ್ಮದಾ?

ಮೂಲ ಇಂಗ್ಲಿಷಿನದೇ. ಗಾಡಿ ಬೇಗ ವೇಗ ಹಿಡಿಯುವ ಶಕ್ತಿಗೆ ಅಮೆರಿಕದ ಇಂಗ್ಲಿಷಿನಲ್ಲಿ ‘ಪಿಕಪ್’ ಎನ್ನುವುದು ಇದೆ. ನಮ್ಮ ಮೆಕ್ಯಾನಿಕ್‌ಗಳು ಅದನ್ನು ಪೂರ್ತಿ ನಮ್ಮದು ಮಾಡಿಕೊಂಡಿದ್ದಾರೆ. ಎಲ್ಲರಿಗೂ ತಿಳಿಯಬೇಕಾದರೆ ‘ಆಕ್ಸಿಲರೇಷನ್’ ಎನ್ನಿ.

ಹಿಂದೆ ತೆರೆದ ಜಾಗ ಇರುವ ಸಣ್ಣ ಸರಕು ಗಾಡಿಗೂ ‘ಪಿಕಪ್’ ಎಂದೇ ಹೆಸರು. ಮೀನಿನ ಕ್ರೇಟು, ತೆಂಗಿನಕಾಯಿ, ಮದುವೆಯ ಪಾತ್ರೆ ಎಲ್ಲ ಹೋಗುವುದು ಅದರಲ್ಲೇ. ಹೀಗೆ ಹೆಸರಾಗಿ ಬಳಸುವಾಗ ಎರಡು ಶಬ್ದ ಸೇರಿಸಿ ಒಂದೇ ಆಗಿ ಬರೆಯುತ್ತಾರೆ, ಇಲ್ಲವೇ ನಡುವೆ ಸಣ್ಣ ಗೆರೆ ಹಾಕುತ್ತಾರೆ. ಒತ್ತು ‘ಪಿಕ್’ ಮೇಲೆ ಬೀಳುತ್ತದೆ. ಕೆಲಸ ಹೇಳುವಾಗ ಎರಡು ಶಬ್ದ ಬೇರೆ ಬೇರೆ. ‘ಪಿಕ್ ಇಟ್ ಅಪ್’ ಎನ್ನುವಾಗ ‘ಅಪ್’ ಮೇಲೆ ಒತ್ತು ಕೇಳುತ್ತದೆ.

ಪಿಕ್ ಔಟ್, ಪಿಕ್ ಆನ್ ಇವೆಲ್ಲ?

‘ಪಿಕ್ ಔಟ್’ ಅಂದರೆ ಗುಂಪಿನಿಂದ ಆರಿಸಿ ತೆಗೆಯುವುದು. ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ. ‘ಪಿಕ್ ಆನ್’ ಅಂದರೆ ಒಬ್ಬರನ್ನೇ ಹಿಡಿದು ಪೀಡಿಸುವುದು. ಮಗು ಶಾಲೆಯಿಂದ ಬಂದು ‘ದೆ ಪಿಕ್ ಆನ್ ಮಿ’ ಎಂದರೆ ದಯವಿಟ್ಟು ಕೂತು ಪೂರ್ತಿ ಕೇಳಿ.

ಅರ್ಜಿ, ಆಫೀಸಿನ ಪತ್ರದಲ್ಲಿ ‘ಪಿಕ್ ಅಪ್’ ಬರೆಯಬಹುದಾ?

ಸಹೋದ್ಯೋಗಿಗಳಿಗೆ ಬರೆಯುವ ಮೇಲ್‌ನಲ್ಲಿ ಧಾರಾಳವಾಗಿ ಬರೆಯಿರಿ. ಗಂಭೀರ ಪತ್ರದಲ್ಲಿ ಅರ್ಥಕ್ಕೆ ತಕ್ಕ ಒಂಟಿ ಶಬ್ದ ಹಾಕಿ: ದಾಖಲೆಗೆ ‘ಕಲೆಕ್ಟ್’, ಕಲಿತದ್ದಕ್ಕೆ ‘ಲರ್ನ್’ ಅಥವಾ ‘ಅಕ್ವೈರ್’, ಚೇತರಿಕೆಗೆ ‘ಇಂಪ್ರೂವ್’.

ಮನೆಯಲ್ಲಿ ಅಭ್ಯಾಸ ಮಾಡಲು ಏನಾದರೂ ಕೊಡಿ.

ಉತ್ತರ ನೋಡದೆ ಇವನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ. ‘ಅಮ್ಮ ಫೋನ್ ಎತ್ತುತ್ತಿಲ್ಲ.’ ‘ನನ್ನನ್ನು ಆರು ಗಂಟೆಗೆ ಕಲ್ಸಂಕದಿಂದ ಕರೆದುಕೊಂಡು ಹೋಗು.’ ‘ಅವನು ಮೀನು ಮಾರ್ಕೆಟಿನಲ್ಲಿ ತುಳು ಕಲಿತ.’ ‘ನೆಲದ ಮೇಲೆ ಬಿದ್ದ ಪೆನ್ನು ಇದೆ ನೋಡು, ಅದನ್ನು ಹೆಕ್ಕು.’ ‘ಮಲ್ಲಿಗೆ ಕೊಯ್ದೆವು.’

ಉತ್ತರ ಹೀಗೆ. ‘ಅಮ್ಮ ಈಸ್ ನಾಟ್ ಪಿಕಿಂಗ್ ಅಪ್.’ ‘ಪಿಕ್ ಮಿ ಅಪ್ ಫ್ರಮ್ ಕಲ್ಸಂಕ ಅಟ್ ಸಿಕ್ಸ್.’ ‘ಹಿ ಪಿಕ್ಡ್ ಅಪ್ ತುಳು ಇನ್ ದಿ ಫಿಶ್ ಮಾರ್ಕೆಟ್.’ ‘ದೇರ್ ಈಸ್ ಎ ಪೆನ್ ಆನ್ ದಿ ಫ್ಲೋರ್, ಪಿಕ್ ಇಟ್ ಅಪ್.’ ಕೊನೆಯದಕ್ಕೆ ‘ಅಪ್’ ಹಾಕಿದವರು ಶಂಕರಪುರದ ಗಿಡವನ್ನು ಇನ್ನೊಮ್ಮೆ ನೆನೆಸಿಕೊಳ್ಳಿ. ‘ವಿ ಪಿಕ್ಡ್ ಜಾಸ್ಮಿನ್.’